ಬೆರಳು ಎಂಟು, ವರ್ಣತಂತು ನಲವತ್ತಾರು

ದಡ್ಡರ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಡಿಸ್ಟಿಂಕ್ಷನ್‌ನಲ್ಲಿ ಪಾಸಾದವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ದಡ್ಡನಿಗೆ ಗೊತ್ತಿಲ್ಲದ್ದು ಗೊತ್ತಿಲ್ಲ, ಪಾಪ, ಅಲ್ಲಿಗೆ ಮುಗಿಯಿತು. ಪಾಸಾದವನು ಪುಸ್ತಕದಲ್ಲಿದ್ದುದನ್ನೆಲ್ಲ ಉತ್ತರಪತ್ರಿಕೆಯ ಮೇಲೆ ಕಾರಿ, ಬಾಯಿ ಒರೆಸಿಕೊಂಡು, ಅಜ್ಜಿ ಹೇಳಿದ್ದನ್ನೇ ನಂಬಿಕೊಂಡು ಮನೆಗೆ ಹೋಗುತ್ತಾನೆ. ನಾನು ಸಿಂದಗಿಯ ಪಿಯು ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಅಂದರೆ ಇಂಥವರನ್ನು ತಯಾರಿಸುವ ಕಾರ್ಖಾನೆಯಲ್ಲೇ ನನ್ನ ನೌಕರಿ. ಆದ್ದರಿಂದ ನನ್ನ ಬೈಗುಳದಲ್ಲಿ ಒಂದಿಷ್ಟು ಪಾಲು ನನಗೂ ಸಲ್ಲಬೇಕು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪ್ರತಿವರ್ಷ ನಾನು ಬೋರ್ಡಿನ ಮೇಲೆ ಎರಡು ವೃತ್ತ ಬರೆಯುತ್ತೇನೆ. ಒಂದರೊಳಗೆ ನಲವತ್ತಾರು, ಇನ್ನೊಂದರೊಳಗೆ ಇಪ್ಪತ್ತಮೂರು. ಮೊದಲನೆಯದು ದೇಹಕೋಶ: ಚರ್ಮ, ಎಲುಬು, ಪಿತ್ತಕೋಶ, ನಾಲಗೆ, ಹೀಗೆ ಮೈ ಅನ್ನಿಸಿಕೊಂಡದ್ದೆಲ್ಲ. ಎರಡನೆಯದು ಸಂತಾನಕೋಶ: ಹೆಣ್ಣಿನಲ್ಲಿ ಅಂಡಾಣು, ಗಂಡಿನಲ್ಲಿ ವೀರ್ಯಾಣು. ನಲವತ್ತಾರು, ಇಪ್ಪತ್ತಮೂರು ಅನ್ನುವುದು ವರ್ಣತಂತುಗಳ ಲೆಕ್ಕ. ಮೂಗು ಹೇಗಿರಬೇಕು, ಕೂದಲು ಯಾವಾಗ ಉದುರಬೇಕು ಎಂಬ ಸೂಚನೆಗಳನ್ನು ಹೊತ್ತ ದಾರದಂಥ ವಸ್ತು ಅದು. ದೇಹಕೋಶ ಒಡೆದು ಎರಡಾಗುವಾಗ ತನ್ನಂಥದೇ ಇನ್ನೊಂದನ್ನು ಮಾಡಿಡುತ್ತದೆ, ಜೀವಮಾನವೆಲ್ಲ ದುಡಿಯುತ್ತದೆ, ನಮ್ಮ ಜೊತೆಗೇ ಮಣ್ಣಾಗುತ್ತದೆ. ಸಂತಾನಕೋಶ ದುಡಿಯುವುದಿಲ್ಲ, ಬೆವರುವುದಿಲ್ಲ, ಬಿಸಿಲಿಗೆ ಬರುವುದಿಲ್ಲ. ಒಳಗೆ ತಣ್ಣಗೆ ಕೂತಿದ್ದು, ಮುಂದಿನ ತಲೆಮಾರಿಗೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿಯುತ್ತದೆ. ದುಡಿದವರು ಇಲ್ಲಿಯೇ ಉಳಿಯುತ್ತಾರೆ, ಕೂತವರು ಮುಂದೆ ಹೋಗುತ್ತಾರೆ. ನಿಸರ್ಗವೂ ನಮ್ಮ ಕಚೇರಿಗಳ ಹಾಗೆಯೇ ನಡೆಯುತ್ತದೆ ಎಂದು ನಾನು ಈ ಜಾಗದಲ್ಲಿ ಪ್ರತಿವರ್ಷ ಒಂದು ಜೋಕು ಹೊಡೆಯುತ್ತೇನೆ. ಪ್ರತಿವರ್ಷ ಯಾರೂ ನಗುವುದಿಲ್ಲ.

ಈ ಪಾಠದಿಂದ ಹೊರಡುವ ಮಾತು ಬಹಳ ಸರಳ. ಮೈಗೆ ಆದದ್ದು ಮೈಗೆ. ಬಿಸಿಲಿಗೆ ಕಪ್ಪಾದ ಬೆನ್ನು, ಗುದ್ದಲಿ ಹಿಡಿದು ಗಡ್ಡೆಗಟ್ಟಿದ ಅಂಗೈ, ಮುರಿದು ಸೊಟ್ಟಗೆ ಕೂಡಿದ ಕಾಲು, ಇವು ಯಾವುವೂ ಆ ಇಪ್ಪತ್ತಮೂರರ ಕಿವಿಗೆ ಬೀಳುವುದೇ ಇಲ್ಲ. ಅಂಡಾಣು ವೀರ್ಯಾಣುಗಳಲ್ಲೇ ದೋಷ ಇದ್ದರೆ ಅದರ ಮಾತು ಬೇರೆ, ಅದು ಮಕ್ಕಳಿಗೆ ದಾಟಬಹುದು. ಮೈಮೇಲಿನ ಗಾಯ ಮಾತ್ರ ದಾಟದು. ನಮ್ಮ ಹೆಣ್ಣುಮಕ್ಕಳು ಎಷ್ಟು ತಲೆಮಾರಿನಿಂದ ಕಿವಿ ಚುಚ್ಚಿಸಿಕೊಂಡು ಬಂದಿದ್ದಾರೋ ದೇವರಿಗೇ ಗೊತ್ತು. ಇಂದಿನವರೆಗೂ ಒಂದೇ ಒಂದು ಕೂಸು ಕಿವಿಯಲ್ಲಿ ತೂತಿನೊಡನೆ ಹುಟ್ಟಲಿಲ್ಲ. ನನ್ನ ತೋಳಿನ ಮೇಲೆ ಸಣ್ಣಂದಿನಲ್ಲಿ ಹಾಕಿಸಿದ ಲಸಿಕೆಯ ಗುರುತು ಬಿಲ್ಲೆಯಷ್ಟು ಅಗಲ ಇದೆ, ನನ್ನ ಮಗನ ತೋಳು ನುಣ್ಣಗಿದೆ. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ಕಣ್ಣು ಸಾಕು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಈ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ಸುವರ್ಣಾಳನ್ನು ನೋಡಲು ಬಸವನ ಬಾಗೇವಾಡಿಯಿಂದ ಬೀಗರಾಗುವವರು ಬಂದಿದ್ದರು.

ಅಣ್ಣನ ಮನೆ ಝಳಕಿಯ ಹತ್ತಿರ ತೋಟದಲ್ಲೇ ಇದೆ. ಲಿಂಬೆ ಗಿಡಗಳು, ನಾಲ್ಕು ಎಮ್ಮೆ. ಸುವರ್ಣಾ ಒಂದನೇ ತರಗತಿಯಲ್ಲಿದ್ದಾಗ ಎಮ್ಮೆಗಳಿಗೆ ಜೋಳದ ಕಣಕಿ ಕತ್ತರಿಸುವ ಮಷಿನ್ನಿನಲ್ಲಿ ಅಣ್ಣನ ಬಲಗೈಯ ಎರಡು ಬೆರಳು ಹೋದವು, ಕಿರುಬೆರಳು ಮತ್ತು ಅದರ ಪಕ್ಕದ್ದು. ಅಂದಿನಿಂದ ಎಂಟು ಬೆರಳಿನಲ್ಲೇ ಹಾಲು ಹಿಂಡುತ್ತಾನೆ, ಲಿಂಬೆ ಕೀಳುತ್ತಾನೆ, ಮೀಸೆ ತಿರುವುತ್ತಾನೆ. ಹತ್ತು ಬೆರಳಿನ ನಾನು ಚಹಾದ ಕಪ್ಪು ಬೀಳಿಸಿದಷ್ಟು ಅವನು ಏನನ್ನೂ ಬೀಳಿಸಿದ್ದಿಲ್ಲ. ಸುವರ್ಣಾ ಈಗ ಇಂಡಿ ಊರಿನ ಒಂದು ದವಾಖಾನೆಯಲ್ಲಿ ನರ್ಸು. ಹುಡುಗ ಮುದ್ದೇಬಿಹಾಳದಲ್ಲಿ ಸರಕಾರಿ ನೌಕರ. ಹುಡುಗನ ಅಪ್ಪ ನಿವೃತ್ತ ಮಾಸ್ತರು. ಯಾವ ವಿಷಯದ ಮಾಸ್ತರು ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿರಿ: ಹೈಸ್ಕೂಲಿನ ವಿಜ್ಞಾನದ್ದು.

ನಮ್ಮ ಕಡೆ ಕನ್ಯಾ ನೋಡುವುದೆಂದರೆ ದನದ ಸಂತೆಯಲ್ಲಿ ಹೋರಿ ನೋಡಿದ್ದಕ್ಕಿಂತ ಸ್ವಲ್ಪವೇ ಬೇರೆ. ಹೋರಿಯ ಹಲ್ಲು ನೋಡುತ್ತಾರೆ, ಹುಡುಗಿಗೆ ಎರಡು ಮಾತು ಆಡಿಸಿ ಹಲ್ಲು ನೋಡಿಕೊಳ್ಳುತ್ತಾರೆ. ಹುಡುಗನ ಸೋದರತ್ತೆ, ಅಂದರೆ ಮಾಸ್ತರ ತಂಗಿ, ಸುವರ್ಣಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಪ್ರೀತಿ ತೋರಿಸುವ ನೆಪದಲ್ಲಿ ಎರಡೂ ಕೈ ಹಿಡಿದು ಸವರಿದರು. ಎಣಿಸುತ್ತಿದ್ದರೆಂದು ನನಗೆ ಆಮೇಲೆ ಹೊಳೆಯಿತು. ಹತ್ತು ಬಂದಿರಬೇಕು, ಮುಖ ಅರಳಿತು. ಹುಡುಗ ಹುಡುಗಿ ಹಿತ್ತಲಲ್ಲಿ ನಿಂತು ಮಾತಾಡಿದರು, ನಂಬರು ಕೊಟ್ಟು ತೆಗೆದುಕೊಂಡರು. ಅವನು ಅವಳ ಮನಸ್ಸಿಗೆ ಬಂದಿದ್ದ. ಅವಳು ಒಳಗೆ ಬಂದು ನೀರು ಕುಡಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಅಣ್ಣ ಅಷ್ಟು ಹೊತ್ತೂ ಬಲಗೈಯನ್ನು ಹೆಗಲ ಟವಲಿನ ಕೆಳಗೆ ಇಟ್ಟುಕೊಂಡೇ ಕೂತಿದ್ದ. ಹೊರಡುವಾಗ ಎಲೆ ಅಡಿಕೆಯ ತಾಟು ಕೊಡಬೇಕಲ್ಲ, ಎಡಗೈಯಲ್ಲಿ ಕೊಡಲು ಬರುವುದಿಲ್ಲವಲ್ಲ, ಕೈ ಹೊರಗೆ ಬಂತು. ಮಾಸ್ತರು ತಾಟು ತೆಗೆದುಕೊಂಡರು, ಕೈ ನೋಡಿದರು, ಏನೂ ಕೇಳಲಿಲ್ಲ. ಕಾರು ಹೋಯಿತು.

ನಾಲ್ಕನೆಯ ದಿನ, ನಡುವೆ ನಿಂತು ಸಂಬಂಧ ತಂದಿದ್ದ ಹೊರ್ತಿಯ ಸಂಗಪ್ಪ ಕಾಕಾ ನನಗೇ ಫೋನು ಮಾಡಿದರು. ಅಣ್ಣನಿಗೆ ಹೇಳಲು ಬಾಯಿ ಬಾರದೆ ನನಗೆ ಮಾಡಿದ್ದು.

"ಹುಡುಗಿ ಬರೊಬ್ಬರಿ ಅದಾಳಂತ್ರಿ ಬಾಯಾರ. ಆದ್ರ ಮನೆತನದಾಗ ಊನ ಐತಿ ಅಂತಾರ ಮಾಸ್ತರು. ನಾಳೆ ಮೊಮ್ಮಕ್ಕಳಿಗಿ ಬಂದ್ರ ಯಾರ ಹೊಣಿ ಅಂತಾರ್ರಿ."

"ಮಷಿನ್ನಿಗಿ ಸಿಕ್ಕು ಬೆರಳು ಹ್ವಾದ್ರ ಮೊಮ್ಮಕ್ಕಳಿಗಿ ಹೆಂಗ ಬರತೈತ್ರಿ ಕಾಕಾ?"

"ನನಗೇನ್ ತಿಳೀತೈತ್ರಿ. ಅವರು ಸಾಯನ್ಸ್ ಮಾಸ್ತರು," ಅಂದರು ಕಾಕಾ.

ಫೋನು ಇಟ್ಟ ಮೇಲೆ ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಒಂದು ತಾಸು ಭಾಷಣ ಮಾಡಿದೆ. ಸುವರ್ಣಾಳಿಗೆ ಅಪ್ಪನಿಂದ ಬರಬೇಕಾದ ಇಪ್ಪತ್ತಮೂರು ವರ್ಣತಂತು, ಅವನ ಬೆರಳು ಹೋಗುವುದಕ್ಕಿಂತ ಆರೇಳು ವರ್ಷ ಮೊದಲೇ ಬಂದು ತಲುಪಿಯಾಗಿತ್ತು. ಅಷ್ಟೇ ಅಲ್ಲ, ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳ ತಯಾರಿ ಮುಗಿದಿರುತ್ತದೆ. ಅಂದರೆ ಮಾಸ್ತರು ಯಾವ ಮೊಮ್ಮಕ್ಕಳ ಬೆರಳಿಗಾಗಿ ಮರುಗುತ್ತಿದ್ದಾರೋ ಅವರ ಪಾಲಿನ ಅರ್ಧ ಸಾಮಾನು ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಸಿರಿನಲ್ಲೇ ಕಟ್ಟಿಟ್ಟಾಗಿತ್ತು. ಆಗ ಅಣ್ಣನಿಗೆ ಹತ್ತೂ ಬೆರಳಿದ್ದವು, ಮಷಿನ್ನು ಇನ್ನೂ ಮನೆಗೆ ಬಂದೇ ಇರಲಿಲ್ಲ.

ಮನೆತನ, ರಕ್ತ! ನಮ್ಮ ಜನ ಬಾಯಿ ಬಿಟ್ಟರೆ ರಕ್ತ. 'ನಮ್ಮ ರಕ್ತದಾಗ ಐತಿ' ಎಂದು ಎದೆ ಬಡಿದುಕೊಳ್ಳುವವರಿಗೆ ಒಂದು ಸುದ್ದಿ ಹೇಳಬೇಕು. ರಕ್ತವನ್ನು ಕೆಂಪಾಗಿಸುವ ಆ ಕಣಗಳಿವೆಯಲ್ಲ, ಅವುಗಳಲ್ಲಿ ನಲವತ್ತಾರೂ ಇಲ್ಲ, ಇಪ್ಪತ್ತಮೂರೂ ಇಲ್ಲ. ಸೊನ್ನೆ. ಇಡೀ ಮೈಯಲ್ಲಿ ವಂಶದ ಗುರುತೇ ಇಲ್ಲದ ಕೋಶ ಹುಡುಕಿದರೆ ಸಿಗುವುದು ಅದೊಂದೇ ಇರಬೇಕು, ನಮ್ಮವರು ನೋಡಿ ನೋಡಿ ಅದನ್ನೇ ವಂಶಕ್ಕೆ ಸಾಕ್ಷಿ ನಿಲ್ಲಿಸಿದ್ದಾರೆ. ಇನ್ನು 'ಮಗ ಪೂರಾ ನನ್ನಂಗ' ಎಂದು ಹಿಗ್ಗುವ ಅಪ್ಪಂದಿರು. ಪೂರಾ ಎಲ್ಲಿಂದ ಬಂತು ಸ್ವಾಮಿ, ಅರ್ಧ. ಆ ಅರ್ಧದಲ್ಲಿ ಯಾವುದು ಹೋಗಬೇಕೆಂದು ಯಾರೂ ನಿಮ್ಮನ್ನು ಕೇಳಲಿಲ್ಲ. ನಿಮ್ಮ ಮೀಸೆ ಹೋಯಿತೋ, ನಿಮ್ಮ ಗೊರಕೆ ಹೋಯಿತೋ! ಆ ಅರ್ಧ ಮುಂದಿನವರಲ್ಲಿ ಕಾಲಾಗುತ್ತದೆ, ಆಮೇಲೆ ಅರೆಕಾಲು, ಆಮೇಲೆ ವೀಸ. ಎಂಟು ತಲೆಮಾರಿನ ಹಿಂದೆ ಕುದುರೆ ಹತ್ತಿದ್ದ ಮುತ್ತ್ಯಾನ ಹೆಸರು ಹೇಳಿ ಇವತ್ತು ಸ್ಕೂಟರಿನಲ್ಲಿ ಬೀಗುವವನಲ್ಲಿ ಆ ಮುತ್ತ್ಯಾ ಉಪ್ಪಿನಕಾಯಿಯಲ್ಲಿನ ಇಂಗಿನಷ್ಟು ಇದ್ದರೆ ಹೆಚ್ಚು.

ಸಿಟ್ಟು ಬಂದಾಗ ನನ್ನ ಬುದ್ಧಿ ಚೆನ್ನಾಗಿ ಓಡುತ್ತದೆ ಎಂದು ನನಗೇ ಒಂದು ಅಭಿಮಾನ. ಆ ಅಭಿಮಾನದಲ್ಲೇ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಿಂದಗಿಯಿಂದ ಬಾಗೇವಾಡಿಯ ಬಸ್ಸು ಹತ್ತಿದೆ. ಪರ್ಸಿನಲ್ಲಿ ಎರಡು ಸೀಮೆಸುಣ್ಣ ಇದ್ದವು. ಇಟ್ಟುಕೊಂಡದ್ದಲ್ಲ, ಮಾಸ್ತರಿಕೆ ಮಾಡುವವರ ಪರ್ಸಿನಲ್ಲಿ ಅವು ಹೇಗೋ ಇರುತ್ತವೆ. ಆದರೆ ಅವು ಇವೆಯೆಂದು ಗೊತ್ತಾದಾಗ ಸಂತೋಷವಾದದ್ದು ಸುಳ್ಳಲ್ಲ.

ಮಾಸ್ತರು ಮರ್ಯಾದಸ್ಥರು. "ಬರ್ರಿ ಮೇಡಮ್ರ, ಕೂಡ್ರಿ," ಎಂದು ಕುರ್ಚಿ ಒರೆಸಿ ಕೊಟ್ಟರು. ಚುರುಮುರಿಯ ಸುಸಲಾ ಬಂತು, ಚಹಾ ಬಂತು. ನಾನು ಶುರು ಮಾಡಿದೆ. ಕಿವಿಯ ತೂತು ಹೇಳಿದೆ, ಲಸಿಕೆಯ ಗುರುತು ಹೇಳಿದೆ, ಅವರ ಮನೆಯ ಕಡಪಾ ಕಲ್ಲಿನ ನೆಲದ ಮೇಲೆಯೇ ಎರಡು ವೃತ್ತ ಬರೆದು ತೋರಿಸಿದೆ. ಅತ್ತೆಬಾಯಿ ಒಳಬಾಗಿಲಲ್ಲಿ ನಿಂತು, ನೆಲ ಹೊಲಸಾಯಿತಲ್ಲ ಎಂಬ ಮುಖದಲ್ಲಿ ನೋಡಿದರು. ಮಾಸ್ತರು ಒಂದೊಂದು ಮಾತಿಗೂ "ಹೌದ್ರಿ, ಹೌದ್ರಿ" ಅನ್ನುತ್ತಿದ್ದರು. ನಾನು ಕೆಂಪು ರಕ್ತಕಣದ ಸೊನ್ನೆಯ ಮಾತಿಗೆ ಬಂದಾಗ ಅವರು ಬೆರಳೆತ್ತಿದರು.

"ಒಂದ್ ಮಾತ್ರಿ ಮೇಡಮ್ರ. ಹುಟ್ಟೂ ಮುಂದ ಅದಕ್ಕೂ ಕೋಶಕೇಂದ್ರ ಇರತೈತ್ರಿ. ಬಲಿತ ಮ್ಯಾಲ ಹೊರಗ ಹಾಕತೈತಿ. ನೀವು ಇಲ್ಲೇ ಇಲ್ಲ ಅಂದ್ರಿ."

ಸರಿಯಾಗಿಯೇ ಇತ್ತು. ನನ್ನ ಕಿವಿ ಬಿಸಿಯಾಯಿತು. ಮಾಸ್ತರಿಗೆ ಎಲ್ಲ ಗೊತ್ತಿತ್ತು, ನನಗಿಂತ ಒಂದು ಗುಲಗಂಜಿ ಹೆಚ್ಚೇ ಗೊತ್ತಿತ್ತು. ಗೊತ್ತಿಲ್ಲದವರಾಗಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ.

"ಇಷ್ಟು ತಿಳಿದವರು ನೀವು ಊನದ ಮಾತು ಹೆಂಗ ಆಡಿದ್ರಿ?" ಅಂದೆ.

ಅವರು ಸಣ್ಣ ಮಕ್ಕಳಿಗೆ ಹೇಳುವಷ್ಟು ಸಮಾಧಾನದಿಂದ ಹೇಳಿದರು: "ಪುಸ್ತಕ ಪುಸ್ತಕದ ಜಾಗಾದಾಗ, ಮನೆತನ ಮನೆತನದ ಜಾಗಾದಾಗ ಇರ್ಬೇಕ್ರಿ. ಎರಡೂ ಕೂಡಿಸಬಾರದು."

ಹಾಲು ಮೊಸರು ಬೇರೆ ಬೇರೆ ಗಡಿಗೆಯಲ್ಲಿ ಇಟ್ಟ ಹಾಗೆ ಈ ಮನುಷ್ಯ ಮೂವತ್ತು ವರ್ಷ ತಲೆಯಲ್ಲಿ ಎರಡು ಗಡಿಗೆ ಇಟ್ಟುಕೊಂಡು, ಒಂದರದು ಇನ್ನೊಂದಕ್ಕೆ ಸಿಡಿಯದಂತೆ ಕಾಪಾಡಿದ್ದಾರೆ. ಎಷ್ಟು ಮಕ್ಕಳಿಗೆ ಇದೇ ವಿದ್ಯೆಯನ್ನು ಧಾರೆ ಎರೆದು ಕೊಟ್ಟರೋ! ಇದನ್ನು ಬಾಯಿಬಿಟ್ಟು ಅನ್ನಲಿಲ್ಲ. ಸುವರ್ಣಾ ನೀರು ಕುಡಿದ ರೀತಿ ನೆನಪಿತ್ತು. ಅದಕ್ಕಾಗಿ ನಗುಮುಖ ಮಾಡಿ ಇನ್ನೊಂದು ಚಮಚೆ ಸುಸಲಾ ಹಾಕಿಸಿಕೊಂಡೆ.

ಮಾಸ್ತರು ಒಳಗೆ ಹೋಗಿ ತಂಗಿಯ ಜೊತೆ ಮಾತಾಡಿ ಬಂದರು. "ನೀವು ಇಷ್ಟು ದೂರ ಬಂದೀರಿ. ನಿಮ್ಮ ಮಾತಿಗಿ ಬೆಲಿ ಕೊಟ್ಟು ಸಂಬಂಧ ಮಾಡ್ತೇವ್ರಿ," ಅಂದರು. ನನ್ನ ಎದೆ ಉಬ್ಬಿತು. ವಿಜ್ಞಾನ ಗೆದ್ದಿತು, ಅದೂ ಕಡಪಾ ಕಲ್ಲಿನ ಮೇಲೆ! ಅವರು ಮುಂದುವರಿಸಿದರು: "ಒಂದ ಸಣ್ಣ ಮಾತು. ಧಾರಿ ಎರಿಯೂ ಮುಂದ ಹುಡುಗಿ ಅಪ್ಪಾರು ಬ್ಯಾಡ್ರಿ. ಬ್ಯಾರೆ ಯಾರರ ಹಿರ್ಯಾರು ಎರೀಲಿ. ವಿಡಿಯೋದವರು ಕೈ ಮ್ಯಾಲೇ ಕ್ಯಾಮೆರಾ ಹಿಡೀತಾರ. ಮಂದಿ ನೋಡ್ತಾರ, ಆಡ್ಕೋತಾರ."

ನಾನು ಏನು ಅಂದೆ ಗೊತ್ತೆ? "ಅಷ್ಟ ಏನ್ರಿ? ನಾ ಅಣ್ಣಗ ಹೇಳ್ತೇನಿ," ಅಂದೆ. ಹಾಗೆ ಅಂದೆ. ಹಿಂದಿನ ಪುಟಗಳಲ್ಲಿ ನಾನು ಊರವರನ್ನೆಲ್ಲ ಬೈದದ್ದನ್ನು ಓದಿ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಿಕೊಂಡಿದ್ದರೆ ಅದನ್ನು ಇಲ್ಲಿ ಕೈಬಿಡಿರಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗೆದ್ದು ಬಂದವಳಂತೆ ಗಾಳಿ ತೆಗೆದುಕೊಂಡೆ. ಮಗಳ ಮದುವೆಯಲ್ಲಿ ಅಪ್ಪ ತುಸು ಹಿಂದೆ ನಿಂತರೆ ಏನು ಮುಳುಗಿಹೋಗುತ್ತದೆ ಎಂದುಕೊಂಡೆ.

ಮರುದಿನ ಝಳಕಿಗೆ ಹೋಗಿ ಸುದ್ದಿ ಹೇಳಿದೆ. ಅಣ್ಣ ಎಮ್ಮೆಗೆ ಮೇವು ಹಾಕುತ್ತಿದ್ದ. ಕೈಯಲ್ಲಿದ್ದ ಮೇವು ಹಾಕಿ ಮುಗಿಸಿ, "ನನ್ನ ಕೈ ಬ್ಯಾಡಂದ್ರ ಬ್ಯಾಡ ಬಿಡು ಕಮಲವ್ವ. ಹುಡುಗೀದು ಚಲೋ ಆಗಲಿ. ನೀ ಮತ್ತ ನಿನ್ನ ಗಂಡ ನಿಂತು ಎರದ್ರ ಆತು," ಅಂದ. ಅಂದವನೇ ಆ ಕೈಯನ್ನು ಟವಲಿನಲ್ಲಿ ಒರೆಸಿಕೊಂಡ, ಅದಕ್ಕೇನೋ ಹತ್ತಿಕೊಂಡಿದೆ ಎಂಬಂತೆ. ವೈನಿ ಒಳಗೆ ಹೋದಳು. ಸುವರ್ಣಾ ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು.

"ಅತ್ತಿ, ಇದು ಅವರಪ್ಪಾರ ಮಾತೋ, ಅವಂದೋ?" ಅಂದಳು.

"ಅವಗ ಗೊತ್ತಿರಲಿಕ್ಕಿಲ್ಲವ್ವ."

ಅವಳು ಅಲ್ಲೇ ಹುಡುಗನಿಗೆ ಫೋನು ಹಚ್ಚಿದಳು. ಅವನಿಗೆ ಗೊತ್ತಿತ್ತು. ಅವಳು ಎರಡು ಸಲ "ಹ್ಞಾಂ" ಅಂದಳು, ಆಮೇಲೆ ಫೋನು ಇಟ್ಟಳು. "ಅಪ್ಪಾರು ಹೇಳಿದಾಂಗ ಅಂತಾನ," ಅಂದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಇಂಜೆಕ್ಷನ್ ಕೊಡುವಾಗಿನದು.

ನಾನು ಸಮಾಧಾನದ ಮಾತಾಡಿದೆ. ಮಷಿನ್ನಿನಲ್ಲಿ ಹೋದ ಬೆರಳು ಮಕ್ಕಳಿಗೆ ಬರುವುದಿಲ್ಲವೆಂದು ಅವರು ಒಪ್ಪಿದ್ದಾರಲ್ಲ, ಮುಖ್ಯವಾದದ್ದು ಅದಲ್ಲವೆ, ಉಳಿದದ್ದು ಒಂದು ತಾಸಿನ ಶಾಸ್ತ್ರ, ಹೀಗೆ ಏನೇನೋ. ಅವಳು ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು:

"ಬೆರಳು ಬರೂದಿಲ್ಲ ಅತ್ತಿ, ಖರೆ. ನಾಳೆ ನನ್ನ ಮಕ್ಕಳು ಲಗ್ನದ ವಿಡಿಯೋ ನೋಡಿ ಅಜ್ಜ ಎಲ್ಲಿ ಅಂತ ಕೇಳ್ತಾವು. ಅಜ್ಜನ ಕೈ ಸರಿ ಇರಲಿಲ್ಲ, ಅದಕ್ಕ ಹಿಂದ ನಿಂದ್ರಿಸಿದ್ವಿ ಅಂತ ನಾ ಹೇಳ್ಬೇಕು. ಅವು ಇಲ್ಲಿ ಬಂದಾಗ ಅಜ್ಜನ ಕೈ ನೋಡಿ ಮಾರಿ ತಿರುವತಾವು. ಆ ಮಾರಿ ತಿರುವೂದು ಯಾವ ಕೋಶದಾಗ ಹೋಗತೈತಿ, ಹೇಳು. ನಲವತ್ತಾರದಾಗೋ, ಇಪ್ಪತ್ತಮೂರರಾಗೋ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದು ಹೋಗುವುದಕ್ಕೆ ಕೋಶವೇ ಬೇಕಾಗಿಲ್ಲ. ಬಾಗೇವಾಡಿಯ ಕುರ್ಚಿಯಿಂದ ಎದ್ದು ಸಿಂದಗಿ ಬಸ್ಸು ಹತ್ತಿ, ಝಳಕಿಯ ದನದ ಕೊಟ್ಟಿಗೆಯವರೆಗೆ ಅದನ್ನು ನನ್ನ ನಾಲಗೆಯ ಮೇಲೆ ನಾನೇ ಹೊತ್ತು ತಂದಿದ್ದೆ. ಪದವಿ ಪಡೆದ ನಾಲಗೆ. ಅಣ್ಣನ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮಾಸ್ತರಿಗೆ ಫೋನು ನಾನೇ ಮಾಡಿದೆ, ಅಣ್ಣನ ಎದುರಿಗೇ. "ಧಾರಿ ನಮ್ಮ ಅಣ್ಣನೇ ಎರೀತಾನ್ರಿ. ಆ ಕೈಯಿಂದ ಬ್ಯಾಡ ಅನ್ನೂದಾದ್ರ ನಮ್ಮ ಹುಡುಗಿ ಒಲ್ಲೆ ಅಂತಾಳ," ಅಂದೆ. ಅವರು ಇಷ್ಟು ಸಣ್ಣ ಮಾತಿಗೆ ಇಂಥ ಸಂಬಂಧ ಬಿಡುತ್ತೀರಾ ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ಸಣ್ಣ ಮಾತಾಗಿದ್ದರೆ ನೀವೇ ಬಿಡಬಹುದಿತ್ತಲ್ಲ ಅಂದೆ. ಅವರು ಎರಡೂ ಗಡಿಗೆಯ ಬಾಯಿ ಮುಚ್ಚಿ ಫೋನು ಇಟ್ಟರು.

ಅಣ್ಣನಿಗೆ ನನ್ನ ಮೇಲೆ ಸಿಟ್ಟು ಬಂತು. "ಚಲೋ ಸಂಬಂಧ ಕೆಡಿಸಿದಿ, ನೀ ಮತ್ತ ನಿನ್ನ ಸೊಸಿ ಕೂಡಿ," ಎಂದು ತೋಟಕ್ಕೆ ಹೋಗಿಬಿಟ್ಟ. ವಾರದವರೆಗೆ ನನ್ನ ಫೋನು ಎತ್ತಲಿಲ್ಲ. ಸುವರ್ಣಾ ಅತ್ತಳೋ ಇಲ್ಲವೋ ಗೊತ್ತಿಲ್ಲ, ಡ್ಯೂಟಿಗಂತೂ ಹೋದಳು. ಮತ್ತೆ ಎರಡು ಕಡೆಯಿಂದ ಕೇಳಿದ್ದಾರೆ, ಏನಾಗುತ್ತದೋ ನೋಡಬೇಕು. ಈಗ ಬಂದವರ ಮುಂದೆ ಅಣ್ಣ ಟವಲು ಹಾಕಿಕೊಂಡು ಕೂಡ್ರಬಾರದೆಂದು ಅವಳ ಕಟ್ಟಪ್ಪಣೆಯಾಗಿದೆ. ಅವನು ಗೊಣಗುತ್ತಾನೆ, ಆದರೂ ತೆಗೆದಿಡುತ್ತಾನೆ.

ಕಾಲೇಜು ಶುರುವಾಯಿತು. ಆ ಪಾಠ ಬಂತು. ಎರಡು ವೃತ್ತ ಬರೆದೆ, ಜೋಕು ಹೊಡೆದೆ, ಯಾರೂ ನಗಲಿಲ್ಲ. ಕೊನೆಗೆ ಕೇಳಿದೆ, ಒಬ್ಬ ಮನುಷ್ಯನ ಎರಡು ಬೆರಳು ಮಷಿನ್ನಿಗೆ ಹೋದರೆ ಅವನ ಮೊಮ್ಮಗುವಿಗೆ ಎಷ್ಟು ಬೆರಳು? ಇಷ್ಟು ಹಗುರ ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನೇ ಅಪಹಾಸ್ಯ ಮಾಡುವಂತೆ ಇಡೀ ಕ್ಲಾಸು "ಹತ್ತು" ಎಂದು ಒದರಿತು. ಹಾಗಾದರೆ ಅಂಥವನನ್ನು ನಿಮ್ಮ ಮದುವೆಯ ಫೋಟೋದಲ್ಲಿ ಎಲ್ಲಿ ನಿಲ್ಲಿಸುತ್ತೀರಿ, ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಯಂಕಂಚಿಯ ಹುಡುಗಿ, ಯಾವಾಗಲೂ ಮೊದಲ ನಂಬರಿನವಳು, ಪೆನ್ನು ಮೇಲಕ್ಕೆತ್ತಿ ಹಿಡಿದು ಕೇಳಿದಳು:

"ಮೇಡಮ್ರ, ಇದು ಪರೀಕ್ಷಾಕ್ಕ ಬರತೈತೇನ್ರಿ?"

"ಬರತೈತವ್ವ," ಅಂದೆ. "ಯಾವಾಗ ಬರತೈತಿ ಅಂತ ಮೊದಲ ಹೇಳೂದಿಲ್ಲ ಅಷ್ಟ. ನನಗ ಈ ಬ್ಯಾಸಗಿ ಬಂದಿತ್ತು, ನಾ ಫೇಲಾದೆ."